ಸೆಕ್ಸ್ ಅಂಡ್ ದಿ ಸಿಟಿ: ಪುಸ್ತಕ ಓದಿದೋರು ಯಾರಾದ್ರೂ ಇದೀರಾ? ಸೀರಿಯಲ್ಲಿಗೂ ಇದಕ್ಕೂ ಸಂಬಂಧಾನೇ ಇಲ್ವಲ್ಲ!

ಹಳೇಪುಸ್ತಕ_ಪ್ರಿಯೆ
ನ್ಯೂಯಾರ್ಕಿನ ನಾಲ್ಕು ಗೆಳತಿಯರ ಕತೆ ಇರೋ ಈ ಅಮೆರಿಕನ್ ಸೀರಿಯಲ್ಲಿನ ಆರೂ ಸೀಸನ್ ನೋಡಿರೋಳು ನಾನು, ಕೆಲವು ಎಪಿಸೋಡಂತೂ ಡೈಲಾಗ್ ಸಮೇತ ಬಾಯಿಪಾಠ. ಮೊನ್ನೆ ಚರ್ಚ್ ಸ್ಟ್ರೀಟಲ್ಲಿ ಕ್ಯಾಂಡೇಸ್ ಬುಶ್ನೆಲ್ ಬರೆದಿರೋ ಮೂಲ ಪುಸ್ತಕ ಸೆಕೆಂಡ್ ಹ್ಯಾಂಡ್ ಸಿಕ್ತು ಅಂತ ತಂದೆ. ನಾಲ್ಕು ಜನ ಫ್ರೆಂಡ್ಸು, ಹೋಟ್ಲಲ್ಲಿ ಕೂತು ಹರಟೆ, ಶೂಸು, ನಗು ಎಲ್ಲ ಇರತ್ತೆ ಅಂದ್ಕೊಂಡು ಶುರು ಮಾಡಿದ್ರೆ ನಾಲ್ಕು ಜನರದ್ದೊಂದು ಗ್ಯಾಂಗ್ ಅಂತಾನೇ ಇಲ್ಲ ಕಣ್ರೀ ಇದ್ರಲ್ಲಿ. ಸಮಂತಾ ಇದಾಳೆ, ಪಿಆರ್ ಅಲ್ಲ, ಸಿನಿಮಾ ಪ್ರೊಡ್ಯೂಸರ್. ಮಿರಾಂಡಾ ಲಾಯರ್ ಅಲ್ಲ, ಕೇಬಲ್ ಟಿವಿ ಕಂಪನಿಯಲ್ಲಿ ಎಕ್ಸಿಕ್ಯುಟಿವ್. ಶಾರ್ಲೆಟ್ ಅಂತೂ ನಮಗೆ ಗೊತ್ತಿರೋ ಶಾರ್ಲೆಟ್ ಅಲ್ವೇ ಅಲ್ಲ. ಸೀರಿಯಲ್ಲಿನ ನಾಯಕಿ ಕ್ಯಾರಿ ಕೂಡ ಮೊದಲನೇ ಪುಟದಿಂದ ಬರಲ್ಲ, ಶುರುವಲ್ಲಿ ಯಾರೋ "ನಾನು" ಅನ್ನೋಳು ಕತೆ ಹೇಳ್ತಾ ಇರ್ತಾಳೆ, ಆಮೇಲೆ ಮೆಲ್ಲಗೆ ಕ್ಯಾರಿ ಅನ್ನೋ ಫ್ರೆಂಡ್ ಎಂಟ್ರಿ, ಕೊನೆಕೊನೆಗೆ ಪೂರ್ತಿ ಅವಳದ್ದೇ ಕತೆ.

ಇದೆಲ್ಲ ಹೋಗ್ಲಿ, ಹೆಸರು ಕೆಲಸ ಬದಲಾಯಿಸೋದು ಮಾಮೂಲಿ. ನಂಗೆ ಒಂಥರಾ ಆಗಿದ್ದು ಪುಸ್ತಕದ ಚಳಿ. ಯಾರಿಗೂ ಯಾರ ಮೇಲೂ ಪ್ರೀತಿ ಇಲ್ಲ, ಎಲ್ರೂ ಎಲ್ರನ್ನೂ ಅಳೀತಾ ಇರ್ತಾರೆ, ಯಾರ ಹತ್ರ ಎಷ್ಟು ದುಡ್ಡು, ಯಾರ ಮನೆ ಯಾವ ಬೀದೀಲಿ, ಯಾರಿಗೆ ಎಷ್ಟು ವಯಸ್ಸು. ಪಾರ್ಟಿ ಮೇಲೆ ಪಾರ್ಟಿ, ಬೆಳಗಿನ ಜಾವ ಟ್ಯಾಕ್ಸೀಲಿ ಅಳು. ಓದಿ ಮುಗಿಸಿದ ಮೇಲೆ ಸೀರಿಯಲ್ ಮೇಲೇ ಡೌಟ್ ಬಂತು, ಇಷ್ಟು ಕಹಿ ಇರೋದನ್ನ ತಗೊಂಡು ಅಷ್ಟು ಸಿಹಿ ಮಾಡಿದ್ದು ಸರೀನಾ? ನನ್ನ ಓಟು ಪುಸ್ತಕಕ್ಕೆ. ಬೈಯೋರು ಬೈಬಹುದು.

ಬನಶಂಕರಿ_ಬಾಯ್
ಹೆಸರು ಕೇಳಿ ಥ್ರೆಡ್ ಓಪನ್ ಮಾಡಿದೆ, ಇಲ್ಲಿ ನೋಡಿದ್ರೆ ಸಾಹಿತ್ಯ ವಿಮರ್ಶೆ ನಡೀತಿದೆ 😄

ಹಳೇಪುಸ್ತಕ_ಪ್ರಿಯೆ
ಕೂತ್ಕೊಳಪ್ಪ, ಸ್ವಲ್ಪ ಕೇಳು, ಏನಾಗಲ್ಲ.

ಧಾರವಾಡ_ಫೇಡಾ
ಅಕ್ಕಾರ, ನಾ ಅಂತೂ ಪುಸ್ತಕಾನ ಮೊದಲ ಓದಿದ್ದು, ಸೀರಿಯಲ್ ಆಮ್ಯಾಲೆ. ಅದಕ್ಕ ನಂಗ ಉಲ್ಟಾ ಶಾಕ್ ಆತು, ಇಷ್ಟು ನಗೋ ಮಂದಿ ಎಲ್ಲಿಂದ ಬಂದ್ರಪಾ ಅಂತ.

ಪುಸ್ತಕ ಹಂಗ ಯಾಕ ಐತಿ ಅಂದ್ರ ಅದು ಕಾದಂಬರಿ ಅಲ್ಲ ನೋಡ್ರಿ. ನ್ಯೂಯಾರ್ಕ್ ಅಬ್ಸರ್ವರ್ ಅಂತ ಒಂದು ವಾರಪತ್ರಿಕೆ ಇತ್ತು, ಗುಲಾಬಿ ಬಣ್ಣದ ಕಾಗದದಾಗ ಅಚ್ಚು ಹಾಕ್ತಿದ್ರು, ಊರಿನ ದುಡ್ಡಿದ್ದವರು, ಪತ್ರಕರ್ತರು, ವಾಲ್ ಸ್ಟ್ರೀಟ್ ಮಂದಿ ಓದೂ ಪೇಪರ್. ಅದರಾಗ 1994ರಿಂದ ಬುಶ್ನೆಲ್ ಕಾಲಂ ಬರೀತಿದ್ರು. ಆ ಕಾಲಂಗಳನ್ನ ಕೂಡಿಸಿ 1996ರಾಗ ಪುಸ್ತಕ ಮಾಡಿದ್ರು, 1998ಕ್ಕ ಎಚ್‌ಬಿಒ ಟಿವಿ ಚಾನೆಲ್‌ದಾಗ ಸೀರಿಯಲ್. ಅಂದ್ರ ಮೂಲದಾಗ ಇದು ವರದಿಗಾರಿಕೆ. ಹೆಸರು ಬದಲ ಮಾಡಿ, ನಾಕ ಮಂದಿ ಮಾತಾಡಿದ್ದು ಕೇಳಿ ಬರಕೊಂಡು ಬಂದಂಗ. ಕ್ಯಾರಿ ಬ್ರಾಡ್‌ಶಾ, ಕ್ಯಾಂಡೇಸ್ ಬುಶ್ನೆಲ್, ಇನಿಷಿಯಲ್ ಒಂದ ಐತಿ ನೋಡ್ರಿ. ಸ್ವಂತ ಕತಿ ಬರದ್ರ ಮನ್ಯಾಗ ಅವ್ವ ಅಪ್ಪ ಓದ್ತಾರ ಅಂತ ಕ್ಯಾರಿ ಅನ್ನೂ ಗೆಳತಿಯನ್ನ ಹುಟ್ಟಿಸಿದ್ದು ಅಂತ ಆಕಿನ ಎಷ್ಟೋ ಇಂಟರ್‌ವ್ಯೂದಾಗ ಹೇಳ್ಯಾಳ.

ಇನ್ನೊಂದು, ಪುಸ್ತಕದಾಗ ಗಂಡಸರು ಪುಟಗಟ್ಟಲೆ ಮಾತಾಡ್ತಾರ. ಮಾಡೆಲ್‌ಗಳ ಹಿಂದ ಬಿದ್ದವರದ ಒಂದು ಚಾಪ್ಟರ್, ಸೈಕಲ್ ಮ್ಯಾಲೆ ಅಡ್ಡಾಡೂ ಸಾಹಿತಿ ಟೈಪ್ ಹುಡುಗರದ ಒಂದು, ಗೆಳತೀನ ಮನೀಗೆ ಕರಕೊಂಡು ಹೋಗಲಾರದ ಗುಟ್ಟಾಗಿ ಇಟ್ಟವರದ ಒಂದು. ತಮ್ಮ ಬಾಯಲೆ ತಾವ ಸಿಕ್ಕಿ ಬೀಳ್ತಾರ, ಬುಶ್ನೆಲ್ ಏನೂ ಅನ್ನಂಗಿಲ್ಲ, ಬರೇ ಕೇಳ್ತಾಳ. ಅದ ಆಕಿ ತಾಕತ್ತು. ಸೀರಿಯಲ್ಲಿನ ಗಂಡಸರು ಎಪಿಸೋಡಿಗೊಬ್ಬ ಬಂದು ಹೋಗೂ ಜೋಕರ್‌ಗಳು, ಒಬ್ಬಂಗ ಒಂದು ಚಟ, ಮುಗೀತು.

ಮಿರಾಂಡಾ_ಫ್ಯಾನ್
ಮೊದಲನೇ ಸೀಸನ್ ಮತ್ತೆ ನೋಡಿ ಫೇಡಾ ಅವ್ರೇ, ನೀವು ಹೇಳ್ತಿರೋದು ಅದ್ರಲ್ಲಿ ಇನ್ನೂ ಉಳ್ಕೊಂಡಿದೆ. ಕ್ಯಾರಿ ನೇರ ಕ್ಯಾಮೆರಾ ನೋಡ್ಕೊಂಡು ಮಾತಾಡ್ತಾಳೆ, ಮಧ್ಯ ಮಧ್ಯ ರೋಡಲ್ಲಿ ನಿಂತಿರೋ ಗಂಡಸರು ಹೆಂಗಸರು ಹೆಸರು ವಯಸ್ಸು ಸಮೇತ ಬೈಟ್ ಕೊಡ್ತಾರೆ. ಅದು ಪುಸ್ತಕದ ಸ್ಟೈಲೇ. ಪೈಲಟ್ಟಿನ, ಅಂದ್ರೆ ಮೊಟ್ಟಮೊದಲ ಎಪಿಸೋಡಿನ, ಮೊದಲನೇ ಕತೆ ಕೂಡ ಪುಸ್ತಕದ ಮೊದಲನೇ ಕತೇನೇ. ಇಂಗ್ಲೆಂಡಿಂದ ಬಂದ ಜರ್ನಲಿಸ್ಟ್ ಹುಡುಗಿ, ಮಿಲಿಯನ್‌ಗಟ್ಟಲೆ ದುಡಿಯೋ ಇನ್ವೆಸ್ಟ್‌ಮೆಂಟ್ ಬ್ಯಾಂಕರ್, ಎರಡು ವಾರ ಪ್ರೇಮ, ಒಟ್ಟಿಗೆ ಮನೆ ನೋಡಕ್ಕೆ ಹೋಗ್ತಾರೆ, ಅಪ್ಪ ಅಮ್ಮನ ಹತ್ರ ಊಟಕ್ಕೆ ಕರೀತೀನಿ ಅಂತಾನೆ, ಆಮೇಲೆ ಆಸಾಮಿ ಪತ್ತೆ ಇಲ್ಲ. ಈಗ ಘೋಸ್ಟಿಂಗ್ ಅಂತೀವಲ್ಲ, ಅದು ಆಪ್ ಬರೋಕ್ ಮುಂಚೆನೂ ಇತ್ತು, ಆನ್ಸರಿಂಗ್ ಮಷೀನ್ ಕಾಲದಲ್ಲೇ. ಎರಡನೇ ಸೀಸನ್ನಿಂದ ಆ ಬೈಟುಗಳು ಕಮ್ಮಿ ಆಗಿ ಆಮೇಲೆ ಮಾಯ.

ಆದ್ರೆ ಪ್ರಿಯೆ ಅವ್ರೇ, "ಸಿಹಿ ಮಾಡಿದ್ರು" ಅಂದ್ರಲ್ಲ, ಅಲ್ಲಿ ನನ್ನ ತಕರಾರಿದೆ. ಪುಸ್ತಕದಲ್ಲಿ ಫ್ರೆಂಡ್‌ಶಿಪ್ ಇಲ್ಲ ಅನ್ನೋದೇ ಪುಸ್ತಕದ ಕೊರತೆ. ದೊಡ್ಡ ಊರಲ್ಲಿ ಒಬ್ಳೇ ಇರೋ ಹೆಂಗಸಿನ ಜೀವನ ಅಂದ್ರೆ ಬರೀ ಡೇಟಿಂಗಾ? ಜ್ವರ ಬಂದಾಗ ಯಾರಿಗೆ ಫೋನ್ ಮಾಡ್ತೀವಿ, ಆಸ್ಪತ್ರೆ ಫಾರ್ಮಲ್ಲಿ ಎಮರ್ಜೆನ್ಸಿ ಕಾಂಟ್ಯಾಕ್ಟ್ ಅಂತ ಯಾರ ಹೆಸರು ಬರೀತೀವಿ, ಅದಲ್ವಾ ಜೀವನ? ಅದನ್ನ ಹಿಡಿದಿದ್ದು ಸೀರಿಯಲ್. ನಾಲ್ಕನೇ ಸೀಸನ್ನಲ್ಲಿ ಮಿರಾಂಡಾ ಅಮ್ಮ ತೀರ್ಕೊಳ್ತಾರಲ್ಲ, ಅಣ್ಣ ಅಕ್ಕ ಎಲ್ರೂ ಗಂಡ ಹೆಂಡತಿ ಜೊತೆ ನಡ್ಕೊಂಡು ಹೋಗ್ತಾರೆ, ಇವಳು ಒಬ್ಳೇ ಹೆಜ್ಜೆ ಹಾಕ್ತಾಳೆ, ಕ್ಯಾರಿ ಸೀಟಿಂದ ಎದ್ದು ಬಂದು ಜೊತೆಗೆ ನಡೀತಾಳೆ. ಮಾತಿಲ್ಲ ಕತೆಯಿಲ್ಲ. ಮದುವೆ ಆಗಿಲ್ಲ ಅನ್ನೋ ಒಂದೇ ಕಾರಣಕ್ಕೆ ನಮ್ಮನೆ ಕಾರ್ಯಗಳಲ್ಲಿ ನಾನು ಎಲ್ಲಿ ನಿಂತ್ಕೋಬೇಕು ಅಂತಾನೇ ಯಾರಿಗೂ ಗೊತ್ತಾಗಲ್ಲ, ಒಬ್ರು ಮುಂದೆ ಬಾ ಅಂತಾರೆ ಒಬ್ರು ಆ ಕಡೆ ಹೋಗು ಅಂತಾರೆ. ಆ ಸೀನ್ ನೋಡಿ ನಾನು ಅತ್ತಷ್ಟು ಪುಸ್ತಕದ ಯಾವ ಪುಟಕ್ಕೂ ಅಳಲಿಲ್ಲ.

ಬಂಗುಡೆಫ್ರೈ
ಮಿರಾಂಡಾ ಮೇಡಂ ಹೇಳಿದ್ದಕ್ಕೆ ನನ್ನದೂ ಒಂದು ಓಟು ಹಾಕಿ. ಆ ಸೀನ್ ಮರೆಯುವಂಥದ್ದಲ್ಲ ಮಾರಾಯ್ರೆ.

ಮತ್ತೆ ಅದೇ ಮಿರಾಂಡಾ ಎರಡನೇ ಸೀಸನ್ನಿನಲ್ಲಿ ಸ್ವಂತ ದುಡ್ಡಲ್ಲಿ ಫ್ಲ್ಯಾಟ್ ತೆಗೊಳ್ಳುವ ಎಪಿಸೋಡ್ ಉಂಟಲ್ಲ, ನೆನಪುಂಟಾ? ನೋಡಿದವರೆಲ್ಲ ಕೇಳುವುದು, ನೀವೊಬ್ಬರೇನಾ, ಡೌನ್ ಪೇಮೆಂಟ್ ಅಪ್ಪ ಕೊಡುವುದಾ ಅಂತ. ಕೊನೆಗೆ ಒಬ್ಬಳೇ ಸತ್ತು ಬಿದ್ದರೆ ಬೆಕ್ಕು ತನ್ನನ್ನೇ ತಿಂದೀತು ಅಂತ ಹೆದರಿ ರಾತ್ರಿ ಪ್ಯಾನಿಕ್ ಆಗ್ತಾಳೆ. ನಾನು ಬೆಂಗಳೂರಿಗೆ ಕೆಲಸಕ್ಕೆ ಬಂದ ಹೊಸತರಲ್ಲಿ ಬಾಡಿಗೆ ಮನೆ ಹುಡುಕುವಾಗ ಇದೇ ಕತೆ. ಓನರ್ ಆಂಟಿ ಅಡ್ವಾನ್ಸ್ ಬಗ್ಗೆ ಕೇಳುವ ಮೊದಲೇ "ಅಣ್ಣ ತಮ್ಮ ಯಾರಾದ್ರೂ ಬಂದು ಹೋಗ್ತಾರಾ, ಫ್ರೆಂಡ್ಸ್ ಎಲ್ಲ ಬರಬಾರ್ದು" ಅಂತ. ನ್ಯೂಯಾರ್ಕಿನವರಿಗೂ ಹೀಗೆ ಕೇಳ್ತಾರೆ ಅಂತ ನೋಡಿ ಒಂದು ರೀತಿ ಸಮಾಧಾನ ಆಯ್ತು ನನಗೆ, ಸುಳ್ಳು ಯಾಕೆ ಹೇಳ್ಲಿ.

ಸುಮ್ನೆ_ಓದೋನು
ಇಲ್ಲಿ ಎಲ್ರೂ ಫ್ರೆಂಡ್‌ಶಿಪ್ಪು ಪ್ರೀತಿ ಅಂತಿದೀರಿ. ಪುಸ್ತಕದ ವಿಷಯ ಅದಲ್ಲ ಸ್ವಾಮಿ, ದುಡ್ಡು. ಆ ಪುಸ್ತಕವನ್ನ ರಿಯಲ್ ಎಸ್ಟೇಟ್ ಪುಸ್ತಕ ಅಂತ ಓದಿ ನೋಡಿ, ಎಲ್ಲ ಅರ್ಥ ಆಗತ್ತೆ. ಮ್ಯಾನ್‌ಹಟನ್ನಲ್ಲಿ ಒಳ್ಳೆ ಮನೆ ಇರೋನು ಆಯ್ಕೆ ಮಾಡ್ತಾನೆ, ಮನೆ ಇಲ್ಲದೋಳು ಕಾಯ್ತಾಳೆ. ಮೂವತ್ತೈದು ದಾಟಿದ ಹೆಂಗಸರ ಬಗ್ಗೆ ಒಂದು ಚಾಪ್ಟರಿದೆ, ಓದಿದ್ರೆ ಎದೆ ಝಲ್ ಅನ್ನತ್ತೆ. ಅವ್ರೆಲ್ಲ ಬುದ್ಧಿವಂತರು, ಕೆಲಸ ಇದೆ, ಸಂಬಳ ಇದೆ, ಆದ್ರೂ ಗಂಡಸರ ಕಣ್ಣಲ್ಲಿ ಎಕ್ಸ್‌ಪೈರಿ ಡೇಟ್ ಮುಗಿದಿರೋ ಮಾತ್ರೆ ಥರ.

ಪುಸ್ತಕದ ಕ್ಯಾರಿ ಸಾಹುಕಾರರ ಮಧ್ಯ ಓಡಾಡ್ತಾಳೆ, ಬೌರಿ ಬಾರಲ್ಲಿ ಕೂರ್ತಾಳೆ, ಆದ್ರೆ ಆ ದುಡ್ಡು ಅವಳದ್ದಲ್ಲ ಅಂತ ನಮಗೆ ಪ್ರತಿ ಪುಟದಲ್ಲೂ ಗೊತ್ತಾಗತ್ತೆ. ಸೀರಿಯಲ್ಲಲ್ಲಿ ವಾರಕ್ಕೊಂದು ಕಾಲಂ ಬರ್ಕೊಂಡು ಅಪ್ಪರ್ ಈಸ್ಟ್ ಸೈಡಲ್ಲಿ ಮನೆ, ಅದರೊಳಗೆ ಬಟ್ಟೆಗಂತಾನೇ ಒಂದು ಓಣಿ, ಪೆಟ್ರೀಷಿಯಾ ಫೀಲ್ಡ್ ಡಿಸೈನ್ ಮಾಡಿದ ದಿನಕ್ಕೊಂದು ವೇಷ. ರೆಂಟ್ ಕಂಟ್ರೋಲ್ ಮನೆ ಅಂತ ಒಂದು ನೆಪ ಇಟ್ಟಿದಾರೆ, ಇರಲಿ, ಅದನ್ನ ನಂಬೋದಾದ್ರೆ ನಂಬಿ. ಸೀರಿಯಲ್ ನೋಡಿ ಊರೂರಲ್ಲಿ ಹುಡುಗೀರು ಈಎಂಐ ಮೇಲೆ ಹ್ಯಾಂಡ್‌ಬ್ಯಾಗ್ ತಗೊಂಡ್ರಲ್ಲ, ಪುಸ್ತಕ ಓದಿದ್ರೆ ಒಬ್ಳೂ ತಗೋತಿರ್ಲಿಲ್ಲ.

ಮಿರಾಂಡಾ_ಫ್ಯಾನ್
ಅಣ್ಣಾ ಹುಡುಗೀರು ಹ್ಯಾಂಡ್‌ಬ್ಯಾಗ್ ತಗೊಂಡ್ರೆ ಸೀರಿಯಲ್ ಕಾರಣ, ಹುಡುಗ್ರು ಈಎಂಐ ಮೇಲೆ ಬುಲೆಟ್ ತಗೊಂಡ್ರೆ ಪ್ಯಾಶನ್ನು. ಚೆನ್ನಾಗಿದೆ ಲೆಕ್ಕ.

ದುಡ್ಡಿನ ವಿಷಯ ಸೀರಿಯಲ್ ಪೂರ್ತಿ ಮುಚ್ಚಿಟ್ಟಿದೆ ಅನ್ನೋದು ಸುಳ್ಳು. ಕ್ಯಾರಿಯಿದ್ದ ಮನೆ ಕೋ-ಆಪ್ (ಅಲ್ಲಿರೋರೇ ಷೇರು ಕೊಂಡು ಕಟ್ಟಡ ನಡೆಸೋ ಸೊಸೈಟಿ) ಆಗಿ, ಒಂದೋ ಖರೀದಿ ಮಾಡು ಇಲ್ಲ ಖಾಲಿ ಮಾಡು ಅಂದಾಗ ಬ್ಯಾಂಕಿಗೆ ಹೋದ್ರೆ ಲೋನ್ ಸಿಗಲ್ಲ. ಶೂ ಅಂಗಡೀಲಿ ಮಿರಾಂಡಾ ಲೆಕ್ಕ ಹಾಕ್ತಾಳೆ, ಜೊತೆಗೆ 400 ಡಾಲರಿನ ಥರ 100 ಜೊತೆ ಶೂ, ಒಟ್ಟು 40,000 ಡಾಲರ್ ಕಾಲಿಗೇ ಹಾಕೊಂಡಿದೀಯ ಅಂತ. ಕ್ಯಾರಿಯ ಹಳೇ ಬಾಯ್‌ಫ್ರೆಂಡ್ ಮಿಸ್ಟರ್ ಬಿಗ್ 30,000ಕ್ಕೆ ಚೆಕ್ ಬರ್ದು ಕೊಡ್ತಾನೆ, ಅವಳು ಹರಿದು ಹಾಕ್ತಾಳೆ. ಆಮೇಲೆ ಶಾರ್ಲೆಟ್ ಮೇಲೆ ರೇಗ್ತಾಳಲ್ಲ, ನಿನ್ನ ಹತ್ರ ಅಷ್ಟು ದುಡ್ಡಿದೆ, ನೀನ್ಯಾಕೆ ಕೊಡ್ತೀನಿ ಅನ್ಲಿಲ್ಲ ಅಂತ. ಎಂಥ ಅಸಹ್ಯದ ಜಗಳ ಅದು! ಫ್ರೆಂಡ್ಸ್ ಮಧ್ಯ ದುಡ್ಡು ಬಂದಾಗ ಹಾಗೇ ಆಗೋದು. ಕೊನೆಗೆ ಶಾರ್ಲೆಟ್ ತನ್ನ ಹಳೇ ಎಂಗೇಜ್‌ಮೆಂಟ್ ಉಂಗುರ ಕೊಡ್ತಾಳೆ, ಸಾಲ ಅಂತಾನೇ ಕೊಡ್ತಾಳೆ. ಗಂಡ ಬಿಟ್ಟೋದ ಉಂಗುರದಿಂದ ಫ್ರೆಂಡಿನ ಮನೆ. ಬುಶ್ನೆಲ್ ಕೂಡ ಇಷ್ಟು ಚೆನ್ನಾಗಿ ಬರೀತಿದ್ರೋ ಇಲ್ವೋ.

ಸುಮ್ನೆ_ಓದೋನು
ಒಪ್ಕೋತೀನಿ ಆ ಎಪಿಸೋಡು ಚೆನ್ನಾಗಿದೆ. ಆದ್ರೆ 94 ಎಪಿಸೋಡಲ್ಲಿ ಅಂಥದ್ದು ಎಷ್ಟು? ಮತ್ತೆ ಮುಂದಿನ ವಾರಕ್ಕೆ ಆ ಸಾಲದ ಸುದ್ದಿ ಯಾರಾದ್ರೂ ಎತ್ತಿದ್ರಾ?

ಜರ್ಸಿಸಿಟಿ_ಕನ್ನಡಿಗ
ನಾನು ಹಡ್ಸನ್ ನದಿಯ ಈ ಕಡೆ ಇರೋನು, ದಿನಾ ಪಾತ್ ಟ್ರೇನಲ್ಲಿ ಮ್ಯಾನ್‌ಹಟನ್‌ಗೆ ಕೆಲಸಕ್ಕೆ ಹೋಗಿ ಬರೋ ಪಾರ್ಟಿ. ಸೀರಿಯಲ್ಲಲ್ಲಿ ಕ್ಯಾರಿ ಮನೆ ಈಸ್ಟ್ 73ನೇ ಬೀದಿ ಅಂತ ತೋರಿಸ್ತಾರೆ, ಆದ್ರೆ ಆ ಮೆಟ್ಟಿಲು ಇರೋದು ಮ್ಯಾನ್‌ಹಟನ್ನಿನ ವೆಸ್ಟ್ ವಿಲೇಜ್ ಅನ್ನೋ ಏರಿಯಾದಲ್ಲಿ, ಪೆರ್ರಿ ಸ್ಟ್ರೀಟಲ್ಲಿ. ಊರಿಂದ ಬಂದ ನೆಂಟರನ್ನ ಲಿಬರ್ಟಿ ಸ್ಟ್ಯಾಚ್ಯೂ, ಟೈಮ್ಸ್ ಸ್ಕ್ವೇರ್ ಆದ್ಮೇಲೆ ಅಲ್ಲಿಗೂ ಕರ್ಕೊಂಡು ಹೋಗಿದ್ದುಂಟು. ನನ್ನ ಅತ್ತಿಗೆಗೆ ಮೆಟ್ಟಿಲ ಮುಂದೆ ಫೋಟೋ ಬೇಕು ಅಂತ ಹಠ, ಅಲ್ಲಿ ನೋಡಿದ್ರೆ ಮೆಟ್ಟಿಲಿಗೆ ಚೈನ್ ಕಟ್ಟಿ ಹತ್ತಬೇಡಿ ಅಂತ ಹಾಕಿದ್ರು. ಪಾಪ ಆ ಮನೆಯೋರಿಗೆ ದಿನಾ ಇದೇ ಕಾಟ. ಪಕ್ಕದಲ್ಲೇ ಬ್ಲೀಕರ್ ಸ್ಟ್ರೀಟಲ್ಲಿ ಮ್ಯಾಗ್ನೋಲಿಯಾ ಬೇಕರಿ, ಕ್ಯಾರಿ ಮಿರಾಂಡಾ ಕೂತು ಕಪ್‌ಕೇಕ್ ತಿಂದ ಒಂದು ಪುಟ್ಟ ಸೀನಿಂದ ಅಲ್ಲಿ ಕ್ಯೂ ನಿಲ್ಲೋಕೆ ಶುರುವಾಗಿದ್ದು.

ಒಂದು ಮಾತು ಸೇರಿಸ್ತೀನಿ. ಪುಸ್ತಕದ ನ್ಯೂಯಾರ್ಕ್ 94-96ರದ್ದು, ಸೀರಿಯಲ್ಲಿನ ನ್ಯೂಯಾರ್ಕ್ 98ರಿಂದ 2004ರದ್ದು, ನಡುವೆ ಊರೇ ಬದಲಾಗಿತ್ತು. ಟೈಟಲ್ ಸಾಂಗಲ್ಲಿ ಮೊದಲು ಟ್ವಿನ್ ಟವರ್ಸ್ ಕಾಣ್ತಿತ್ತು, 2001ರ ಸೆಪ್ಟೆಂಬರ್ ಆದ್ಮೇಲೆ ತೆಗೆದು ಎಂಪೈರ್ ಸ್ಟೇಟ್ ಹಾಕಿದ್ರು. ಆಮೇಲಿನ ಸೀಸನ್‌ಗಳಲ್ಲಿ ಊರಿನ ಮೇಲೆ ಒಂಥರಾ ಮುದ್ದು ಜಾಸ್ತಿ ಆಯ್ತು, ಆ ಟೈಮಲ್ಲಿ ಆ ಊರಿನ ಬಗ್ಗೆ ಕಹಿಯಾಗಿ ಮಾತಾಡೋಕೆ ಯಾರಿಗೂ ಮನಸ್ಸು ಬರ್ತಿರ್ಲಿಲ್ಲ ಅನ್ಸತ್ತೆ. ಸಿಹಿ ಜಾಸ್ತಿ ಆಗಿದ್ದಕ್ಕೆ ಅದೂ ಒಂದು ಕಾರಣ ಇರಬಹುದು ಅಂತ ನನ್ನ ಲೆಕ್ಕ.

ಬನಶಂಕರಿ_ಬಾಯ್
ಮ್ಯಾಗ್ನೋಲಿಯಾ ಬೇಕರಿ ನಮ್ಮ ಇಂದಿರಾನಗರದಲ್ಲೂ ಬಂದಿದೆ ಸರ್, ಜರ್ಸಿಗ್ಯಾಕೆ ಹೋಗ್ಬೇಕು. ಬನಾನಾ ಪುಡ್ಡಿಂಗ್ ತಿಂದೆ, ಚೆನ್ನಾಗಿತ್ತು, ಬಿಲ್ ನೋಡಿದ ಮೇಲೆ ಸ್ವಲ್ಪ ಕಮ್ಮಿ ಚೆನ್ನಾಗಿತ್ತು.

ಒಂದು ಡೌಟು, ಪುಸ್ತಕದಲ್ಲೂ ಮಿಸ್ಟರ್ ಬಿಗ್ ಪ್ಯಾರಿಸ್‌ಗೆ ಹೋಗಿ ಕ್ಯಾರಿನ ಕರ್ಕೊಂಡು ಬರ್ತಾನಾ? ತಂಗಿ ನೋಡುವಾಗ ಪಕ್ಕದಲ್ಲಿ ಕೂತು ಕ್ಲೈಮ್ಯಾಕ್ಸ್ ಮಾತ್ರ ನೋಡಿದೀನಿ.

ಹಳೇಪುಸ್ತಕ_ಪ್ರಿಯೆ
ಪಕ್ಕದಲ್ಲಿ ಕೂತು ಕ್ಲೈಮ್ಯಾಕ್ಸ್ ಮಾತ್ರ, ಹೌದಪ್ಪ ನಂಬಿದ್ವಿ.

ಇಲ್ಲ! ಪ್ಯಾರಿಸ್ಸೂ ಇಲ್ಲ ಏನೂ ಇಲ್ಲ. ಪುಸ್ತಕದಲ್ಲಿ ಅವರಿಬ್ರೂ ಬೇರೆ ಆಗ್ತಾರೆ. ಕೊನೇಲಿ ಯಾರ್ಯಾರು ಏನಾದ್ರು ಅಂತ ಒಂದೊಂದು ಸಾಲು ಬರತ್ತೆ, ಅದ್ರಲ್ಲಿ ಬಿಗ್ ಮದುವೆ ಆಗಿ ಸುಖವಾಗಿದಾನೆ, ಕ್ಯಾರಿ ಒಬ್ಳೇ ಸುಖವಾಗಿದಾಳೆ. ಅಷ್ಟೇ. ಮಳೆ ಇಲ್ಲ ಸೇತುವೆ ಇಲ್ಲ ವಯೊಲಿನ್ ಇಲ್ಲ. ನಾನು ಪುಸ್ತಕಕ್ಕೆ ಓಟು ಹಾಕಿದ್ದೇ ಆ ಎರಡು ಸಾಲಿಗೆ.

ನೋಡಿ, ಬಿಗ್ ಅನ್ನೋ ಪಾತ್ರಕ್ಕೆ ಮೂಲ ರಾನ್ ಗಲೋಟಿ ಅಂತ, ವೋಗ್, ಜಿಕ್ಯೂ ಥರದ ಮ್ಯಾಗಜಿನ್‌ಗಳಿಗೆ ಪಬ್ಲಿಷರ್ ಆಗಿದ್ದೋರು, ಬುಶ್ನೆಲ್ ಜೊತೆ ಸ್ವಲ್ಪ ಕಾಲ ಇದ್ರು, ಆಮೇಲೆ ಬೇರೆಯವ್ರನ್ನ ಮದುವೆ ಆದ್ರು, ಕೊನೆಗೆ ನ್ಯೂಯಾರ್ಕೇ ಬಿಟ್ಟು ವರ್ಮಾಂಟಲ್ಲಿ ಜಮೀನು ಮಾಡ್ಕೊಂಡು ಇದ್ರು. ಬುಶ್ನೆಲ್ಲೇ ಹೇಳಿದಾರೆ, ನಿಜ ಜೀವನದಲ್ಲಿ ಆಗಿದ್ರೆ ಕ್ಯಾರಿ ಬಿಗ್ ಒಟ್ಟಿಗೆ ಸೇರ್ತಾನೇ ಇರ್ಲಿಲ್ಲ ಅಂತ. ಸೀರಿಯಲ್ ಹುಟ್ಟು ಹಾಕಿದ ಡ್ಯಾರೆನ್ ಸ್ಟಾರ್ ಕೂಡ ಎಷ್ಟೋ ವರ್ಷ ಆದ್ಮೇಲೆ, ಹೆಣ್ಣಿಗೆ ಸುಖ ಕೊನೆಗೆ ಮದುವೆಯಿಂದಲೇ ಬರೋದಲ್ಲ ಅನ್ನೋದು ಸೀರಿಯಲ್ಲಿನ ಮೂಲ ಮಾತಾಗಿತ್ತು, ಕೊನೇಲಿ ಅದಕ್ಕೇ ದ್ರೋಹ ಆಯ್ತು ಅನ್ನೋ ಅರ್ಥದಲ್ಲಿ ಹೇಳಿದ್ರು. ಅವ್ರು ಶುರುವಿನ ಸೀಸನ್‌ಗಳಾದ್ಮೇಲೆ ಬಿಟ್ಕೊಟ್ಟಿದ್ರು, ಮುಂದೆ ನಡೆಸಿದ್ದು ಮೈಕಲ್ ಪ್ಯಾಟ್ರಿಕ್ ಕಿಂಗ್.

ಆರು ವರ್ಷ "ಒಬ್ಳೇ ಇರೋದು ರೋಗ ಅಲ್ಲ" ಅಂತ ಹೇಳ್ಕೊಂಡು ಬಂದು ಕಡೇ ವಾರ ನಾಲ್ಕೂ ಜನಕ್ಕೂ ಜೋಡಿ ಹಾಕಿ ಕೂರಿಸಿದ್ರಲ್ಲ, ಸಮಂತಾಗೂ ಸಹ, ಅಷ್ಟೇ ನನ್ನ ಸಿಟ್ಟು. ನಮ್ಮ ಹಳೇ ಸಿನಿಮಾಗಳಲ್ಲಿ ಕೊನೇ ರೀಲಲ್ಲಿ ಎಲ್ಲಾರ್ನೂ ಸಾಲಾಗಿ ನಿಲ್ಲಿಸಿ ಗ್ರೂಪ್ ಫೋಟೋ ಹೊಡೀತಿದ್ರು, ಅದೇ.

ಧಾರವಾಡ_ಫೇಡಾ
ಇಲ್ಲಿ ನಾ ಸೀರಿಯಲ್ ಪರ ಮಾತಾಡ್ತೇನಿ ಅಕ್ಕಾರ, ಆಶ್ಚರ್ಯ ಪಡಬ್ಯಾಡ್ರಿ.

ಪುಸ್ತಕದ ವರದಿಗಾರಿಕೆ ಸೀರಿಯಲ್ಲದಾಗ ಸತ್ತಿಲ್ಲ, ಜಾಗಾ ಬದಲ ಮಾಡೇತಿ. ಬರೆಯೂ ಟೀಮಿನಾಗ ಹೆಣ್ಮಕ್ಕಳು ಭಾಳ ಇದ್ರು, ಜೆನ್ನಿ ಬಿಕ್ಸ್, ಸಿಂಡಿ ಚುಪಾಕ್ ಇತ್ಯಾದಿ. ಅವರದೊಂದು ರೂಲ್ ಇತ್ತಂತ, ಬೆಡ್‌ರೂಮಿನ ಯಾವ ಕತಿ ತಂದ್ರೂ ಅದು ನಿನಗ ಆಗಿರಬೇಕು ಇಲ್ಲಾಂದ್ರ ನಿನಗ ಗೊತ್ತಿದ್ದವರಿಗೆ ಆಗಿರಬೇಕು, ತಲ್ಯಾಗ ಹೊಳೀತು ಅಂತ ಬರೆಯಂಗಿಲ್ಲ. ಪೋಸ್ಟ್-ಇಟ್ ಚೀಟಿ ಮ್ಯಾಲೆ "ಸಾರಿ, ಆಗಂಗಿಲ್ಲ" ಅಂತ ಬರದು ಒಬ್ಬಾವ ಬಿಟ್ಟು ಹೋಗ್ತಾನಲ್ಲ, ಅದನ್ನ ನೋಡಿದವರಿಗೆಲ್ಲಾ ಇದು ಯಾರಿಗೋ ಖರೇನ ಆಗಿರಬೇಕು ಅನಸ್ತದ. ಬುಶ್ನೆಲ್ ಬಾರಿನಾಗ ಕೂತು ಕೇಳಿ ಬರದಿದ್ದನ್ನ ಇವರು ಒಂದು ರೂಮಿನಾಗ ಕೂತು ಒಬ್ಬರಿಗೊಬ್ಬರು ಹೇಳಿ ಬರದ್ರು. ಅದಕ್ಕ ನನಗ ಅನಸೂದು, ಆ ನಾಕು ಮಂದಿ ಟೇಬಲ್ ಐತಲ್ಲ, ಅದು ಆ ರೈಟರ್ಸ್ ರೂಮಿನ ಟೇಬಲ್ಲ ಅಂತ. ಪುಸ್ತಕದಿಂದ ಬಂದದ್ದಲ್ಲ ಅದು, ಬರದವರ ಹತ್ರಾನ ಇತ್ತು. ಪುಸ್ತಕ ಒಬ್ಬಾಕಿ ಬರದದ್ದು, ಅದಕ್ಕ ಒಂಟಿ ಐತಿ. ಸೀರಿಯಲ್ ಗುಂಪು ಬರದದ್ದು, ಅದಕ್ಕ ಗುಂಪೈತಿ.

ಕ್ಲೈಮ್ಯಾಕ್ಸ್ ಮಾತ್ರ ನಿಮ್ಮ ಮಾತು ಖರೆ. ಪ್ಯಾರಿಸ್ ನನಗೂ ಸೇರಂಗಿಲ್ಲ.

ಮಿರಾಂಡಾ_ಫ್ಯಾನ್
ವಾಹ್ ಫೇಡಾ ಅವ್ರೇ. ಟೇಬಲ್ಲಿನ ಮಾತು ಸಖತ್.

ಸುಮ್ನೆ_ಓದೋನು
ಮಾತು ಚೆನ್ನಾಗಿದೆ, ಆದ್ರೆ ಅದರ ಬೆಲೆ ಏನು ಕೊಟ್ರು ನೋಡಿ. ನಾಲ್ಕು ಜನ ನಮಗೆ ಅಷ್ಟು ಇಷ್ಟ ಆಗೋದ್ರಿಂದ ಅವರ ಸಣ್ಣತನ ನಮಗೆ ಕಾಣೋದೇ ನಿಲ್ತು. ನ್ಯೂಯಾರ್ಕ್ ಪಕ್ಕದ ರಾಜ್ಯ ಕನೆಕ್ಟಿಕಟ್‌ಗೆ ಹೋಗೋ ಕತೇನೇ ತಗೊಳ್ಳಿ. ಎರಡರಲ್ಲೂ ಇದೆ ಅದು, ಪುಸ್ತಕದಲ್ಲಿ ಮದುವೆ ಮುಂಚಿನ ಪಾರ್ಟಿ, ಸೀರಿಯಲ್ಲಲ್ಲಿ ಸೀಮಂತ ಥರದ್ದು, ಸಿಟಿ ಹೆಂಗಸರು ಸಬರ್ಬಿಗೆ ಹೋಗಿ ಗೃಹಿಣಿಯರನ್ನ ನೋಡಿ ಬರೋದು. ಪುಸ್ತಕದಲ್ಲಿ ವಾಪಸ್ ಬರೋ ಹೆಂಗಸರಲ್ಲಿ ಹೊಟ್ಟೆಕಿಚ್ಚು, ತಾತ್ಸಾರ, ಭಯ ಮೂರೂ ಕಲೆಸಿರತ್ತೆ, ಯಾರ ಬಗ್ಗೆನೂ ನಮಗೆ ಪಾಪ ಅನ್ಸಲ್ಲ, ಯಾರೂ ಗೆಲ್ಲೋದೂ ಇಲ್ಲ. ಸೀರಿಯಲ್ಲಲ್ಲಿ ನಾವು ಶುರುವಿಂದಾನೇ ಈ ನಾಲ್ವರ ಪಾರ್ಟಿ. ಆ ಕಡೆಯೋರೆಲ್ಲ ಕಾರ್ಟೂನು.

ಇನ್ನೊಂದು ಯಾರೂ ಹೇಳ್ತಿಲ್ಲ. ಆ ನ್ಯೂಯಾರ್ಕಲ್ಲಿ ಬಿಳಿಯರು ಬಿಟ್ರೆ ಯಾರೂ ಇಲ್ಲ, ಪುಸ್ತಕದಲ್ಲೂ ಇಲ್ಲ ಸೀರಿಯಲ್ಲಲ್ಲೂ ಇಲ್ಲ ಅನ್ನೋ ಅಷ್ಟು ಕಮ್ಮಿ. ಪುಸ್ತಕ ಒಂದು ಸಣ್ಣ ಕೂಟದ ವರದಿ ಅಂತ ಬಿಡಬಹುದು. ಸೀರಿಯಲ್ ಇಡೀ ಊರಿನ ಹೆಸರು ಹೇಳ್ಕೊಂಡು ಆರು ವರ್ಷ ಓಡ್ತಲ್ಲ?

ಜರ್ಸಿಸಿಟಿ_ಕನ್ನಡಿಗ
ಹೌದು ಗುರು, ನನ್ನ ಟ್ರೇನಲ್ಲಿ ಬೆಳಗ್ಗೆ ನಿಂತಿರೋರಲ್ಲಿ ಗುಜರಾತಿ, ತೆಲುಗು, ಫಿಲಿಪಿನೋ, ಡೊಮಿನಿಕನ್ ಎಲ್ಲ ಇರ್ತಾರೆ, ಸೀರಿಯಲ್ಲಿನ ಟ್ಯಾಕ್ಸಿ ಡ್ರೈವರ್‌ಗೆ ಮಾತ್ರ ಆ ಭಾಗ್ಯ. ಅದಕ್ಕೆ ಪ್ರಾಯಶ್ಚಿತ್ತ ಅಂತ 2021ರಲ್ಲಿ ಶುರುವಾದ ಮುಂದುವರಿಕೆ ಸೀರಿಯಲ್ಲಲ್ಲಿ ಸೀಮಾ ಪಟೇಲ್ ಅಂತ ಒಂದು ಪಾತ್ರ ತಂದ್ರು, ಸರಿತಾ ಚೌಧರಿ ಮಾಡಿದ್ರು. ರಿಯಲ್ ಎಸ್ಟೇಟ್ ಬ್ರೋಕರ್! ಸುಮ್ನೆ_ಓದೋನು ಅವ್ರಿಗೆ ಖುಷಿ ಆಗ್ಬೇಕು. ಐವತ್ತು ದಾಟಿದೆ, ಮದುವೆ ಆಗಿಲ್ಲ, ಚೆನ್ನಾಗಿ ದುಡೀತಾಳೆ, ಅಪ್ಪ ಅಮ್ಮನಿಗೆ ಅದೊಂದೇ ಚಿಂತೆ. ದೀಪಾವಳಿ ಎಪಿಸೋಡ್ ಒಂದಿದೆ, ಕ್ಯಾರಿ ಲೆಹೆಂಗಾ ಹಾಕೊಂಡು ಬರ್ತಾಳೆ, ಅದನ್ನ ಸೀರೆ ಅಂತ ಕರೆದಿದ್ದಕ್ಕೆ ಇಲ್ಲಿನ ದೇಸಿ ಹೆಂಗಸರು ವಾಟ್ಸಾಪ್ ಗ್ರೂಪಲ್ಲಿ ಉಗಿದು ಉಪ್ಪಿನಕಾಯಿ ಹಾಕಿದ್ರು. ಅದೆಲ್ಲ ಬಿಟ್ರೆ ಆ ಮುಂದುವರಿಕೆಯಲ್ಲಿ ನನಗೆ ಸಹಿಸೋಕೆ ಆಗಿದ್ದು ಸೀಮಾ ಒಬ್ಳೇ.

ಬಂಗುಡೆಫ್ರೈ
ಆ ಮುಂದುವರಿಕೆಯ ಮೊದಲನೇ ಎಪಿಸೋಡಲ್ಲೇ ಬಿಗ್ ವ್ಯಾಯಾಮದ ಸೈಕಲ್ ಹೊಡೆದು ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಡ್ತಾನಲ್ಲ. ಎಂತ ಹೇಳುವುದು, ಪುಸ್ತಕದಲ್ಲಿ ಕ್ಯಾರಿ ಒಂಟಿಯಾಗಿ ಮುಗಿದದ್ದು, ಇಲ್ಲಿ ಇಪ್ಪತ್ತೈದು ವರ್ಷ ಸುತ್ತಿ ಸುತ್ತಿ, ಎರಡು ಸಿನಿಮಾ ಎಲ್ಲ ಆಗಿ, 2025ರಲ್ಲಿ ಆ ಸೀರಿಯಲ್ಲೂ ಮುಗಿಯುವಾಗ ಕ್ಯಾರಿ ಒಬ್ಬಳೇ. ಬುಶ್ನೆಲ್ ಎರಡು ಸಾಲಲ್ಲಿ ಹೇಳಿದ್ದಕ್ಕೆ ಇವರಿಗೆ ಇಷ್ಟು ಸಮಯ ಬೇಕಾಯ್ತು.

ಹಳೇಪುಸ್ತಕ_ಪ್ರಿಯೆ
ಅಯ್ಯೋ ಬಂಗುಡೆ, ಈ ಥ್ರೆಡ್ಡಲ್ಲಿ ಬೆಸ್ಟ್ ಕಾಮೆಂಟ್ ನಿಂದೇ ಕಣೇ.

ಫೇಡಾ ಅವ್ರ ಟೇಬಲ್ ಮಾತನ್ನ ಯೋಚ್ನೆ ಮಾಡ್ತಾ ಇದ್ದೆ. ಫ್ರೆಂಡ್‌ಶಿಪ್ ಸೀರಿಯಲ್ಲಿನ ಸ್ವಂತ ಸಂಪಾದನೆ ಅನ್ನೋದು ಸರಿ, ಅದನ್ನ ಕಿತ್ಕೊಳ್ಳಲ್ಲ ನಾನು. ಹಾಗಿದ್ದೂ ಅವ್ರಿಗೇ ಆ ಸಂಪಾದನೆ ಮೇಲೆ ನಂಬಿಕೆ ಇರ್ಲಿಲ್ವಲ್ಲ ಅನ್ನೋದು ನನ್ನ ಪಾಯಿಂಟು. ನಾಲ್ಕನೇ ಸೀಸನ್ನಲ್ಲಿ ಶಾರ್ಲೆಟ್ಟೇ ಹೇಳ್ತಾಳೆ, ನಮಗೆ ನಾವೇ ಜೀವದ ಜೋಡಿಗಳು ಅಂದ್ಕೊಂಡು ಗಂಡಸರನ್ನ ಸುಮ್ನೆ ಖುಷಿಗೆ ಇಟ್ಕೊಂಡ್ರೆ ಹೇಗೆ ಅನ್ನೋ ಅರ್ಥದಲ್ಲಿ. ಅದೇ ಕ್ಲೈಮ್ಯಾಕ್ಸ್ ಆಗ್ಬೇಕಿತ್ತು. ಬದಲಿಗೆ ಏನಾಯ್ತು? ಬಿಗ್ ಪ್ಯಾರಿಸ್ ಹೋಗೋಕ್ ಮುಂಚೆ ಆ ಮೂರು ಜನರ ಹತ್ರ ಬಂದು ಕೇಳ್ತಾನೆ, ಅವ್ರು ಹೋಗಿ ಕರ್ಕೊಂಡು ಬಾ ಅಂತ ಕಳಿಸ್ತಾರೆ. ಅಂದ್ರೆ ಫ್ರೆಂಡ್ಸೇ ಹೆಣ್ಣು ಒಪ್ಪಿಸಿಕೊಟ್ಟ ಹಾಗೆ! ಯಾಕೆ, ಅವ್ರೇ ಫ್ಲೈಟ್ ಹತ್ತಿ ಹೋಗಿದ್ರೆ ಏನಾಗ್ತಿತ್ತು?

ಮಿರಾಂಡಾ_ಫ್ಯಾನ್
ಏನಾಗ್ತಿತ್ತು ಅಂದ್ರೆ ಮಿರಾಂಡಾಗೆ ಮನೇಲಿ ಮಗು, ಅಲ್ಝೈಮರ್ ಥರ ಇರೋ ಅತ್ತೆ, ಸಮಂತಾಗೆ ಕ್ಯಾನ್ಸರ್ ಟ್ರೀಟ್‌ಮೆಂಟು. ಎಲ್ಲಿ ಹೋಗ್ತಾರೆ ಪ್ಯಾರಿಸ್ಸಿಗೆ. ಅದೇ ಎಪಿಸೋಡಲ್ಲಿ ಮಿರಾಂಡಾ ಆ ಅತ್ತೆಗೆ ಬಾತ್‌ಟಬ್ಬಲ್ಲಿ ಸ್ನಾನ ಮಾಡಿಸ್ತಾಳೆ, ನೆನಪಿದ್ಯಾ? ಕೆಲಸದ ಮ್ಯಾಗ್ಡಾ ಬಾಗಿಲಲ್ಲಿ ನಿಂತು ನೋಡ್ತಾಳೆ. ಎಲ್ರೂ ಸೇತುವೆ ಮೇಲಿನ ಮುತ್ತು ನೆನಪಿಟ್ಕೊಂಡ್ರು. ನನಗೆ ಫಿನಾಲೆ ಅಂದ್ರೆ ಆ ಬಾತ್‌ರೂಮೇ.

ಪುಸ್ತಕದಲ್ಲಿ ಯಾರೂ ಯಾರಿಗೂ ಸ್ನಾನ ಮಾಡಿಸಲ್ಲ ಪ್ರಿಯೆ ಅವ್ರೇ. ಯಾರಿಗೂ ವಯಸ್ಸಾದ ಅಮ್ಮ ಇಲ್ಲ, ಅತ್ತೆ ಇಲ್ಲ. ಅದಕ್ಕೇ ಆ ಎರಡು ಸಾಲಲ್ಲಿ ಸುಖವಾಗಿ ಮುಗ್ಸೋದು ಬುಶ್ನೆಲ್‌ಗೆ ಸುಲಭ ಆಯ್ತು.

ಸುಮ್ನೆ_ಓದೋನು
ಇದಕ್ಕೆ ಉತ್ತರ ಸದ್ಯಕ್ಕೆ ನನ್ನ ಹತ್ರ ಇಲ್ಲ. ನಾಳೆ ಬರ್ತೀನಿ.

ಬನಶಂಕರಿ_ಬಾಯ್
ಸರಿ ಈಗ ಡಿಸೈಡ್ ಮಾಡಿ ಹೇಳಿ, ನಾನು ಮೊದಲು ಪುಸ್ತಕ ಓದ್ಲಾ ಸೀರಿಯಲ್ ನೋಡ್ಲಾ? ಪ್ರೈಮಲ್ಲಿ ಮುಂಬೈ ಹುಡುಗೀರದ್ದು ಒಂದಿದ್ಯಲ್ಲ, ಫೋರ್ ಮೋರ್ ಶಾಟ್ಸ್, ಅದು ನೋಡಿದ್ರೆ ಸಾಕಾಗಲ್ವಾ?

ಹಳೇಪುಸ್ತಕ_ಪ್ರಿಯೆ
ಸಾಕಾಗಲ್ಲ. ಅದ್ರಲ್ಲಿ ನಾಲ್ಕು ಜನ ಇದಾರೆ, ಬಾರ್ ಇದೆ, ಬಟ್ಟೆ ಇದೆ, ಆದ್ರೆ ಮನೆ ಬಾಡಿಗೆ ಕೇಳೋ ಓನರ್ ಆಂಟಿ ಎಲ್ಲಿ?

ಮೊದಲನೇ ಸೀಸನ್ ನೋಡು, ಹನ್ನೆರಡೇ ಎಪಿಸೋಡು, ಅರ್ಧರ್ಧ ಗಂಟೆ. ಆಮೇಲೆ ಪುಸ್ತಕ ಓದು, ಆಗ ಯಾವ್ದು ಎಲ್ಲಿಂದ ಬಂತು ಗೊತ್ತಾಗತ್ತೆ. ಆಮೇಲೆ ಮಿಕ್ಕ ಸೀಸನ್‌ಗಳು. ಸಿನಿಮಾ ಎರಡೂ ಬೇಡ, ಅದ್ರಲ್ಲೂ 2010ರ ಆ ಎರಡನೇದಂತೂ ತಂಗಿ ಹಾಕಿದ್ರೂ ಟಿವಿ ಆಫ್ ಮಾಡು. ಅಬುಧಾಬಿ ಅಂತ ಮೊರಾಕ್ಕೊದಲ್ಲಿ ಶೂಟ್ ಮಾಡಿ ಒಂಟೆ ಮೇಲೆ ಕೂರಿಸಿದಾರೆ.

ಧಾರವಾಡ_ಫೇಡಾ
ಪುಸ್ತಕ ನನ್ನ ಹತ್ರ ಎರಡು ಕಾಪಿ ಅದಾವ. ಬೇಕಾದವರು ಮೆಸೇಜ್ ಮಾಡ್ರಿ, ಪೋಸ್ಟ್ ಖರ್ಚು ನಿಮ್ಮದು. ವಾಪಸ್ ಕೊಡೂದು ಮರೀಬ್ಯಾಡ್ರಿ ಮತ್ತ.

ಬನಶಂಕರಿ_ಬಾಯ್
ಮೆಸೇಜ್ ಮಾಡಿದೀನಿ ಅಣ್ಣಾ. ಕವರ್ ಮೇಲೆ ಬ್ರೌನ್ ಪೇಪರ್ ಸುತ್ತಿ ಕಳ್ಸ್ತೀರಾ ಪ್ಲೀಸ್, ಮನೇಲಿ ಕೊರಿಯರ್ ಇಸ್ಕೊಳ್ಳೋದು ಅಜ್ಜಿ.